ಗಾಳಿಚೀಲದ ಕೆಂಪು ಬಟ್ಟೆ

೪ ಏಪ್ರಿಲ್ ೧೯೮೩, ಸೋಮವಾರ

ಬೆಳಿಗ್ಗೆ ವಿಮಾನದ ಎರಡೂ ಇಂಜಿನ್ ಓಡಿಸಿ ನೋಡಿದೆ. ಎಡಗಡೆಯದು ಮಾಮೂಲಿನಂತೆ ಕೆಮ್ಮಿ ಆಮೇಲೆ ಸುಧಾರಿಸಿತು. ರನ್‌ವೇ ಮೇಲಿನ ಎಮ್ಮೆಗಳನ್ನು ಓಡಿಸಿದ್ದಾಯಿತು. ಈ ಸಿಮೆಂಟ್ ಕಂಪನಿಯ ಏಕೈಕ ಪೈಲಟ್ ನಾನು, ಏಕೈಕ ದನಗಾಹಿಯೂ ನಾನೇ.

ಗಾಳಿಯ ದಿಕ್ಕು ತೋರಿಸಲು ರನ್‌ವೇ ಪಕ್ಕದ ಕಂಬಕ್ಕೆ ಕಟ್ಟುವ ಗಾಳಿಚೀಲ ಹರಿದು ಎಷ್ಟೋ ದಿನವಾಗಿತ್ತು. ಗಾಳಿ ಯಾವ ಕಡೆಗಿದೆ ಎಂದು ಫ್ಯಾಕ್ಟರಿ ಚಿಮಣಿಯ ಹೊಗೆ ನೋಡಿ ಇಳಿಯುತ್ತಿದ್ದೆ. ಸ್ಟೋರಿನವರನ್ನು ಕೇಳಿ ಕೇಳಿ ಸಾಕಾಯಿತು. ಕೊನೆಗೆ ಶಿವಕಾಂತಾ ತನ್ನ ಹಳೇ ಕೆಂಪು ಲಂಗದ ಹೊಲಿಗೆ ಬಿಚ್ಚಿ ಚೀಲ ಹೊಲಿದುಕೊಟ್ಟಳು. ಹೆಂಡತಿ ಅಂದರೆ ಹೀಗಿರಬೇಕು! ಕಂಬಕ್ಕೆ ಏರಿಸಿದೆ. ಚೆಂದ ಉಬ್ಬಿ ಹಾರಿತು.

ಸ್ವಲ್ಪ ಹೊತ್ತಿಗೆ ಪಕ್ಕದ ಕಲ್ಲಿನ ಖಣಿಯಲ್ಲಿ ಗದ್ದಲ. ಹೆಂಗಸರು ಬುಟ್ಟಿ ಬಿಸಾಕಿ ಮೇಲಕ್ಕೆ ಓಡಿ ಬರುತ್ತಿದ್ದಾರೆ. ಕಲ್ಲು ಪುಡಿ ಮಾಡುವ ಕ್ರಷರ್ ನಿಂತಿತು. ಆಮೇಲೆ ತಿಳಿಯಿತು — ಖಣಿಯಲ್ಲಿ ಕೆಂಪು ಬಟ್ಟೆ ಏರಿದರೆ ಸಿಡಿಮದ್ದಿನ ಅಪಾಯ ಎಂದರ್ಥವಂತೆ. ನಾಲ್ಕು ವರ್ಷದಿಂದ ಇವರ ತಲೆಯ ಮೇಲೆ ಹಾರುತ್ತಿದ್ದೇನೆ, ಇದೊಂದು ಗೊತ್ತಿರಲಿಲ್ಲ.

ಹೆಂಗಸರ ಮುಖಂಡಳು ಸುಂದರಬಾಯಿ ಎಂಬಾಕೆ ಬಂದಳು. ಹುಬ್ಬಿನ ತನಕ ಕಲ್ಲಿನ ಧೂಳು. ಕಂಬದ ತುದಿ ನೋಡಿದಳು. ಬೈಗುಳಕ್ಕೆ ತಯಾರಾದೆ.

"ಯಾರ ಲಂಗ ರೀ ಅದು?" ಅಂದಳು. ನಕ್ಕಳು. ಹೋದಳು.

೫ ಏಪ್ರಿಲ್

ಚೀಲ ಇಳಿಸಿ ಶೆಡ್ಡಿನಲ್ಲಿಟ್ಟೆ. ಸ್ಟೋರಿನಿಂದ ಬಿಳೀದು ಒಂದೇ ದಿನದಲ್ಲಿ ಬಂತು — ಮ್ಯಾನೇಜರ್ ಎಗರಾಡಿದ್ದರ ಪುಣ್ಯ.

ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ನಿನ್ನೆ ಓಡಿದವರಲ್ಲಿ ಒಬ್ಬರಿಗೂ ಪಗಾರ ಕಟ್ ಆಗಿಲ್ಲ. ಖಣಿಯಲ್ಲಿ ಮದ್ದು ಸಿಡಿಸುವ ಬಾಬುಮಿಯಾನನ್ನು ಕೇಳಿದೆ. ಅವನು ಬೀಡಿ ಹಚ್ಚಿ ನಿಧಾನಕ್ಕೆ ಹೇಳಿದ:

"ಝಂಡಾ ಯಾರರೆ ಏರಸ್ಲಿ ಸಾಬ್, ಕಲ್ಲ ಹೊರೊ ಮುದುಕಿ ಏರಸ್ಲಿ — ಕೆಲಸ ನಿಂದರಬೇಕು. ಯಾಕ ಅಂತ ಸಂಜೀತನ ಕೇಳಂಗಿಲ್ಲ. ಸಂಜಿಗಿ ಎಲ್ಲರ ಮುಂದ ತಾ ಏನ ನೋಡ್ದೆ ಅಂತ ಹೇಳಬೇಕು. ಸುಳ್ಳಾದ್ರ ಸುಳ್ಳಾತು. ಯೂನಿಯನ್ ಮಾಡಿದ ಕರಾರ ಅದ ಇದು."

ಏರೋಪ್ಲೇನಿನಲ್ಲಿ ಇಂಥ ಸುಖವಿಲ್ಲ. ಜನವರಿಯಲ್ಲಿ ಮಂಜು ಕವಿದಿದೆ, ಹಾರುವುದಿಲ್ಲ ಅಂದೆ. ಸ್ವಲ್ಪದರಲ್ಲೇ ಬಿಸಿಲು ಬಂತು. ಬೊಂಬಾಯಿಯ ಶೇಟ್, ಅಂದರೆ ನಮ್ಮ ಮಾಲೀಕರು, ಅತಿಥಿಗಳ ಮುಂದೆಯೇ, "ನಮ್ಮ ಕ್ಯಾಪ್ಟನ್‌ಗೆ ಮೋಡ ಕಂಡರೆ ಜ್ವರ" ಅಂದರು. ಎಲ್ಲರೂ ನಕ್ಕರು. ಮುಂದಿನ ಸಲ ಸುಮ್ಮನೆ ಹಾರಿದೆ... ಆ ದಿನದ ಮಂಜು ಇನ್ನೂ ದಟ್ಟವಾಗಿತ್ತು.

೧೮ ಏಪ್ರಿಲ್

ಶೇಟ್ ಬಂದಿದ್ದರು. ಖುಷಿಯಲ್ಲಿದ್ದರು. ಹೊರಡುವಾಗ ಹೆಗಲ ಮೇಲೆ ಕೈ ಹಾಕಿ ಹೇಳಿದರು — ಮುಂದಿನ ವರ್ಷ ಜೆಟ್ ಕೊಳ್ಳುತ್ತಾರಂತೆ. ಟ್ರೇನಿಂಗಿಗೆ ಹೊರದೇಶಕ್ಕೆ ನನ್ನನ್ನೇ ಕಳಿಸುತ್ತಾರಂತೆ.

ಜೆಟ್! ಸೇಡಂನ ಬಯಲಿನಲ್ಲಿ ದನ ಕಾಯುತ್ತ ಆಕಾಶದಲ್ಲಿ ಜೆಟ್ ಎಳೆದ ಬಿಳಿ ಗೆರೆ ನೋಡಿ ಬಾಯಿ ತೆರೆದು ನಿಂತವನು ನಾನು. ಶಿವಕಾಂತಾಗೆ ಹೇಳಿದೆ. "ಮದಲ ಬರ್ಲಿ, ಆಮ್ಯಾಲ ಕುಣೀರಿ" ಅಂದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಅವಳ ಅನುಮಾನ. ನಾನಂತೂ ಮನಸ್ಸಿನಲ್ಲಿ ಕುಣಿದೆ.

೧ ಮೇ, ಭಾನುವಾರ

ಮೇ ಡೇ ಮೆರವಣಿಗೆ ಮುಗಿಸಿ ಸುಂದರಬಾಯಿ, ಬಾಬುಮಿಯಾ ಮನೆಗೇ ಬಂದರು. ಶಿವಕಾಂತಾ "ಬರ್ರಿ, ಕುಂದ್ರಿ" ಅಂದು ಚಹಾ ಇಟ್ಟಳು. ಬಂದ ವಿಷಯ: ನಾನು ಯೂನಿಯನ್ ಸೇರಬೇಕು.

ನಗು ಬಂತು. ನಾನು ಆಫೀಸರ್, ನನ್ನ ಪಗಾರ ಬೇರೆ, ಶೇಟ್ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ನನಗೇನು ಲಾಭ? ಹಾಗೇ ಕೇಳಿಬಿಟ್ಟೆ.

"ಪಗಾರದ ಮಾತ ಬಿಡ್ರಿ. ಒಲ್ಲೆ ಅನ್ನಾಕ ಬರ್ತದೇನ್ರಿ ನಿಮಗ?" ಅಂದಳು ಸುಂದರಬಾಯಿ.

ಅವಳು ತನ್ನ ಗಂಡನ ಕತೆ ಹೇಳಿದಳು. ಯೂನಿಯನ್ ಇನ್ನೂ ಇರದ ಕಾಲ. ಬೇರೊಂದು ಖಣಿ. ಒಂದು ದಿನ ಬಂಡೆ ಬಿರುಕು ಬಿಟ್ಟಂತೆ ಕಂಡು ಗಂಡ ಕೂಗಿದ. ಏನೂ ಆಗಲಿಲ್ಲ. ಪಗಾರ ಹಿಡಿದರು, ಎಲ್ಲರೂ ಅಂಜುಬುರುಕ ಎಂದು ಆಡಿಕೊಂಡರು. ಮತ್ತೊಂದು ದಿನ ಬಿರುಕು ಕಂಡ. ಕೂಗಲಿಲ್ಲ.

"ಕಲ್ಲಿಗಿ ಸಾಯಲಿಲ್ರಿ ಅವ. ಮಂದಿ ನಗತಾರಂತ ಅಂಜಿ ಸತ್ತ."

ಅಳಲಿಲ್ಲ. ಚಹಾ ಕುಡಿದು, ಕಪ್ಪು-ಬಸಿ ತೊಳೆದಿಟ್ಟು ಹೋದಳು. ಎಂಥ ಹೆಂಗಸು! ಗಂಡನನ್ನು ಕಳೆದುಕೊಂಡ ಜಾಗದಿಂದಲೇ ಎಲ್ಲರ ಜೀವ ಕಾಯುವ ಒಂದು ಕಟ್ಟಳೆ ಎತ್ತಿ ತಂದಿದ್ದಾಳೆ. ನಾನು ಏಣಿ ಹಾಕಿದರೂ ಅವಳಷ್ಟು ಎತ್ತರ ಮುಟ್ಟಲಾರೆ.

೨ ಮೇ

ಮ್ಯಾನೇಜರ್ ಕರೆಸಿದರು. ಯೂನಿಯನ್‌ನವರು ನಮ್ಮ ಮನೆಯಲ್ಲಿ ಚಹಾ ಕುಡಿದದ್ದು ಅವರಿಗೆ ಆಗಲೇ ಗೊತ್ತು. "ಜೆಟ್ ಬೇಕೋ, ಯೂನಿಯನ್ ಬೇಕೋ ನೋಡಿಕೊಳ್ಳಿ" ಅಂದರು. ಜೆಟ್ ಎಂದೇ ಹೇಳಿ ಬಂದೆ.

೨೩ ಮೇ

ಬರೆಯಲು ಮನಸ್ಸಿರಲಿಲ್ಲ. ನರಸಿಂಗರಾವ್ ವಿಮಾನ ಬಿದ್ದು ತೀರಿಹೋದ. ಹೈದರಾಬಾದಿನಲ್ಲಿ ನನ್ನ ಜೊತೆ ಹಾರಲು ಕಲಿತವನು, ಯಾವುದೋ ಮಿಲ್ ಮಾಲೀಕರ ವಿಮಾನ ಹಾರಿಸುತ್ತಿದ್ದ. ಘಟ್ಟದ ಮೇಲೆ ಮೋಡ. ಬೆಳಿಗ್ಗೆ ಬೇಡ ಅಂದನಂತೆ. ಮಾಲೀಕರು ಬೇಕು ಅಂದರಂತೆ.

ಅವನ ಪಗಾರ ನನಗಿಂತ ಹೆಚ್ಚಿತ್ತು. ಮಾಲೀಕರು ಅವನನ್ನೂ ಹೆಸರು ಹಿಡಿದೇ ಕರೆಯುತ್ತಿದ್ದರು. ಆದರೆ ಬೇಡ ಅಂದಾಗ ಅವನ ಹಿಂದೆ ಒಬ್ಬರೂ ನಿಂತಿರಲಿಲ್ಲ... ನನ್ನ ಹಿಂದೆ ಯಾರಿದ್ದಾರೆ?

"ಸುಂದರಬಾಯಿ ಹೇಳಿದ್ದ ಕೇಳ್ರಿ. ಜೆಟ್ ಹೊತ್ಕೊಂಡ ಹೋಗ್ಲಿ" ಅಂದಿದ್ದಳು ಶಿವಕಾಂತಾ ಮೊನ್ನೆ. ನಾಳೆ ಹೋಗಿ ಯೂನಿಯನ್ ಸೇರುತ್ತೇನೆ ಅಂದೆ. ಹೋಗಲಿಲ್ಲ. ಬಿಳಿ ಗೆರೆಯ ಆಸೆ ಬಿಟ್ಟಿಲ್ಲ. ನನ್ನ ಮೇಲೆ ನನಗೇ ಸಿಟ್ಟು.

೧೦ ಜೂನ್, ಶುಕ್ರವಾರ, ರಾತ್ರಿ ಊಟದ ನಂತರ

ನಡೆದದ್ದನ್ನು ನಡೆದ ಹಾಗೇ ಬರೆಯಬೇಕು.

ಮಧ್ಯಾಹ್ನ ಶೇಟ್, ಅವರ ಮಗಳು, ಮೊಮ್ಮಗು ರೆಡಿ. ಸಂಜೆ ಬೊಂಬಾಯಿಯಲ್ಲಿ ಮೀಟಿಂಗ್. ಪಶ್ಚಿಮಕ್ಕೆ, ಭೀಮಾ ನದಿಯ ಕಡೆ, ಕಪ್ಪು ಗೋಡೆಯಂಥ ಮೋಡ. ಚಿಮಣಿಯ ಹೊಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ತಡೆಯೋಣ ಅಂದೆ. ಶೇಟ್ ವಾಚ್ ನೋಡಿ, "ಮತ್ತೆ ಜ್ವರ ಬಂತೇ ಕ್ಯಾಪ್ಟನ್? ಇಂಥ ಧೈರ್ಯಕ್ಕೆ ಜೆಟ್ ಬೇರೆ!" ಅಂದರು. ಮ್ಯಾನೇಜರ್ ನಕ್ಕರು.

ವಿಮಾನದ ಮೆಟ್ಟಿಲ ಮೇಲೆ ಕಾಲಿಟ್ಟೆ. ಇಟ್ಟದ್ದು ಖರೆ. ಮೊಮ್ಮಗು ಕಿಟಕಿಯಿಂದ ಕೈ ಬೀಸುತ್ತಿತ್ತು. ನರಸಿಂಗರಾವ್ ನೆನಪಾದ. ಕಾಲು ಹಿಂದಕ್ಕೆ ತೆಗೆದೆ. ಶೆಡ್ಡಿಗೆ ಹೋಗಿ ಕೆಂಪು ಚೀಲ ತಂದು ಕಂಬಕ್ಕೆ ಏರಿಸಿದೆ.

ಕ್ರಷರ್ ನಿಂತಿತು. ಖಣಿಯಿಂದ ಮಂದಿ ಮೇಲೆ ಬಂದರು. ಈ ಸಲ ಓಡಲಿಲ್ಲ — ನನ್ನನ್ನು ನೋಡಿದರು, ವಿಮಾನ ನೋಡಿದರು, ಅರ್ಥ ಮಾಡಿಕೊಂಡು ರನ್‌ವೇ ಅಂಚಿನಲ್ಲಿ ಸಾಲಾಗಿ ಕುಳಿತರು. ಮ್ಯಾನೇಜರ್ ಸುಂದರಬಾಯಿಯ ಮೇಲೆ ಹಾರಿಬಿದ್ದರು. ವಿಮಾನದ ಬಗ್ಗೆ ನಿನಗೇನು ಗೊತ್ತು ಅಂದರು.

"ನನಗೇನೂ ಗೊತ್ತಿಲ್ರಿ. ಅವರಿಗಿ ಗೊತ್ತದ. ಝಂಡಾ ಏರ್ಯಾದ. ಯಾಕ ಅಂತ ಸಂಜಿಗಿ ಕೇಳ್ತೀವಿ."

ಇಷ್ಟಾದ ಮೇಲೆ ಆ ಹಾಳು ಮೋಡ ಬರಬೇಕಿತ್ತಲ್ಲ? ಬರಲಿಲ್ಲ! ಎರಡಾಗಿ ಸೀಳಿ ಒಂದು ಪಾಲು ಚಿಂಚೋಳಿ ಕಡೆ ತೇಲಿಹೋಯಿತು, ಇನ್ನೊಂದು ಅಲ್ಲೇ ಕರಗಿತು. ಒಂದು ಹನಿ ಬೀಳಲಿಲ್ಲ. ಲಕಲಕ ಬಿಸಿಲು. ಶೇಟ್‌ಗೆ ಮೀಟಿಂಗ್ ತಪ್ಪಿತು. ಭೂಮಿ ಬಾಯಿ ಬಿಡಲಿ ಅನ್ನಿಸಿತು. ನಾಳೆ ಬೆಳಿಗ್ಗೆ ಕ್ವಾರ್ಟರ್ಸ್ ಖಾಲಿ ಮಾಡಿ ಎಂದು ಮ್ಯಾನೇಜರ್ ಅಲ್ಲೇ ಹೇಳಿದರು.

ಸಂಜೆ ಖಣಿಯ ದಂಡೆಗೆ ಹೋದೆ. ಎಲ್ಲರೂ ಕುಳಿತಿದ್ದರು. ಕಂಡದ್ದು ಹೇಳಿದೆ: ಮೋಡದ ಬಣ್ಣ, ಹೊಗೆ ತಿರುಗಿದ ರೀತಿ, ಒಳಗೆ ಸಿಕ್ಕರೆ ವಿಮಾನಕ್ಕೆ ಏನಾಗುತ್ತದೆ. ಯಾರೂ ನಗಲಿಲ್ಲ. ಬಾಬುಮಿಯಾ ಮಾತ್ರ, "ಮೋಡ ಬರಲಿಲ್ಲಲ್ಲ ಸಾಬ್, ಛಲೋನೇ ಆತಲ್ಲ" ಅಂದ. ಬಂದಿದ್ದರೆ ಛಲೋ ಇತ್ತು ಎಂದು ಮಧ್ಯಾಹ್ನವಿಡೀ ಹಲುಬಿದವನು ನಾನು!

"ನಾನು ಯೂನಿಯನ್‌ನವನಲ್ಲ, ನನ್ನ ಸಲುವಾಗಿ ನೀವು ಕಷ್ಟಕ್ಕೆ ಬೀಳಬೇಡಿ" ಅಂದೆ.

ಸುಂದರಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಝಂಡಾ ಏರಸೀರಿ ಅಂದ ಮ್ಯಾಲ ಇನ್ಯಾರವರ್ರಿ ನೀವು?"

ನಾನೂ ಅವರ ನಡುವೆ ಕುಳಿತೆ.

೧೧ ಜೂನ್, ಶನಿವಾರ, ಮಧ್ಯಾಹ್ನ

ಟ್ರಂಕ್ ಅರ್ಧ ಕಟ್ಟಿದೆ. ಶಿವಕಾಂತಾಗೆ ಒಂದೇ ಚಿಂತೆ — ಶಹಾಬಾದಿನ ತನಕ ತನ್ನ ಲಂಗದ ಸುದ್ದಿ ಹಬ್ಬಿದೆಯಂತೆ.

ಬೆಳಗಿನಿಂದ ಖಣಿಗೆ ಯಾರೂ ಇಳಿದಿರಲಿಲ್ಲ. ಎಲ್ಲರೂ ಆಫೀಸ್ ಮುಂದೆ. ಕಲ್ಲು ಬರದಿದ್ದರೆ ಸಿಮೆಂಟ್ ಸುಡುವ ಭಟ್ಟಿ ಆರುತ್ತದೆ, ಆರಿದರೆ ಮತ್ತೆ ಹೊತ್ತಿಸುವುದು ಹುಡುಗಾಟವಲ್ಲ. ಇದು ಅವರಿಗೂ ಗೊತ್ತು, ಶೇಟ್‌ಗೂ ಗೊತ್ತು. ಆಫೀಸಿನೊಳಗೆ ಶೇಟ್ ಜೊತೆ ಸುಂದರಬಾಯಿ ಮಾತಾಡಿದ್ದೇನು ಎಂದು ನನಗೆ ತಿಳಿಯದು. ಹೊರಗೆ ಬಂದವಳು "ಟ್ರಂಕ್ ಬಿಚ್ರಿ" ಅಂದಳು, ಬುಟ್ಟಿ ಎತ್ತಿಕೊಂಡು ಖಣಿಗೆ ನಡೆದಳು.

ಈಗಷ್ಟೇ ಶೇಟ್ ತಾವೇ ಶೆಡ್ಡಿಗೆ ಬಂದಿದ್ದರು. ಮುಖ ಬಿಗಿ. ಜೆಟ್ ಮಾತಿಲ್ಲ. ಇನ್ನು ಬರುವುದೂ ಇಲ್ಲ, ಅದು ಗೊತ್ತು, ನೋವೂ ಇದೆ. "ಕ್ಯಾಪ್ಟನ್, ಇವತ್ತು ಹೊರಡಬಹುದೇ?"

ಕೇಳಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ — ಹೊರಡು ಅನ್ನಲಿಲ್ಲ, ಕೇಳಿದರು.

ನೋಡಿ ಹೇಳುತ್ತೇನೆ ಅಂದೆ. ಗೆಸ್ಟ್ ಹೌಸಿನಲ್ಲಿ ಕಾಯುತ್ತಿದ್ದಾರೆ. ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿದೆ. ಪಶ್ಚಿಮ ಇನ್ನೊಮ್ಮೆ ನೋಡಿಬಂದು, ಹೌದೋ ಅಲ್ಲವೋ ನಾನೇ ಹೇಳುತ್ತೇನೆ.