ಪೆಟ್ಟಿಗೆಯ ಮೇಲಿನ ಕೂದಲು

ಆಗಸ್ಟ್ ೨೩, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಹೇಗಿದ್ದೀಯ? ಅಪ್ಪನ ಕೈನೋವು ಈಗ ಹೇಗಿದೆ? ಇಸ್ತ್ರಿಪೆಟ್ಟಿಗೆ ಎತ್ತಬೇಡಿ ಅಂದರೆ ಅವರು ಕೇಳುವವರಲ್ಲ, ಗೊತ್ತು. ನಾನು ಇಲ್ಲಿಗೆ ಬಂದು ಹನ್ನೆರಡು ದಿನವಾದರೂ ನೆಟ್ಟಗೆ ಒಂದು ಸುದ್ದಿ ಬರೆದಿಲ್ಲ, ಬೈಯಬೇಡ. ಮೊನ್ನೆ ನೀನು ಚಾಟ್‌ನಲ್ಲಿ ಕೇಳಿದ್ದು ಸರಿಯಾಗಿಯೇ ಇತ್ತು: "ಏನೇ ಅದು, ಅರ್ಧ ಗಂಟೆಯಿಂದ ಟೈಪಿಂಗ್ ಟೈಪಿಂಗ್ ಅಂತ ತೋರಿಸ್ತು, ಕೊನೆಗೆ ಬಂದಿದ್ದು ಬರೀ ‘ಊಟ ಆಯ್ತಾ’. ಮಹಾಕಾವ್ಯ ಬರೀತಿದ್ಯಾ?" ಬರೆಯುತ್ತಿದ್ದೆ, ಅಳಿಸುತ್ತಿದ್ದೆ. ಅದಕ್ಕೇ ಈ ಪತ್ರ. ಒಮ್ಮೆ ಅಂಚೆ ಡಬ್ಬಿಗೆ ಹಾಕಿದ ಮೇಲೆ ಅಳಿಸುವುದಕ್ಕೆ ಆಗುವುದಿಲ್ಲವಲ್ಲ.

ಮೊದಲು ಮನೆ ಸುದ್ದಿ. ಮೂರನೇ ಮಹಡಿ, ಒಂದೇ ಕೋಣೆ, ಎರಡು ಮಂಚ. ಕಿಟಕಿ ತೆಗೆದರೆ ಸೈಕಲ್ ರಿಪೇರಿ ಅಂಗಡಿಯ ತಗಡಿನ ಮಾಡು. ನಲ್ಲಿ ನೀರು ಗಡಸು. ತಲೆಗೆ ಹಾಕಿದ ಶಾಂಪೂವಿಗೆ ನೊರೆಯೇ ಬರುವುದಿಲ್ಲ, ನೀನಿದ್ದಿದ್ದರೆ ಖುಷಿಪಡುತ್ತಿದ್ದೆ. ತರಗತಿ ಶುರುವಾಗುವುದು ಸೆಪ್ಟೆಂಬರ್ ಒಂದಕ್ಕೆ. ಅಲ್ಲಿಯವರೆಗೆ ದಿನಾ ಡಿಪಾರ್ಟ್‌ಮೆಂಟಿಗೆ ಹೋಗಿ ಒಂದು ಸಹಿ, ಒಂದು ಫೋಟೋ, ಒಂದು ಬೀಗದ ಕೈ ಅಂತ ಕಾಯುವುದೇ ಕೆಲಸ.

ಇನ್ನೊಂದು ಮಂಚದವಳು ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದವಳು. ಬೆಳಕು ಹರಿಯುವ ಮೊದಲೇ ಹೋಗಿ ಮಧ್ಯಾಹ್ನ ಒಂದಕ್ಕೆ ಬರುತ್ತಾಳೆ. ನಾನು ಬರುವುದು ಐದಕ್ಕೆ. ಅಂದರೆ ದಿನಕ್ಕೆ ನಾಲ್ಕು ಗಂಟೆ ಅವಳು ಮತ್ತು ನನ್ನ ಪೆಟ್ಟಿಗೆ, ಇಬ್ಬರೇ. ನನಗೆ ಮೊದಲ ದಿನವೇ ಸಂಶಯ ಬಂತು. ಅವಳು ನನ್ನ ಹೆಸರು ಕೇಳುವ ಮೊದಲು ಕೇಳಿದ್ದು, "ಪೆಟ್ಟಿಗೇಲಿ ತಿನ್ನೋದು ಏನಾದ್ರೂ ಇದ್ಯಾ?" ಇಲ್ಲ ಅಂದೆ. "ಮತ್ಯಾಕೆ ಅಷ್ಟು ದೊಡ್ಡ ಬೀಗ?" ಅಂದಳು.

ಓನರ್ ಆಂಟಿಯೂ ಕಡಿಮೆಯವರಲ್ಲ. ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಬರುವವರು ಹೋಗುವವರ ಕೈಚೀಲ ನೋಡುವುದೇ ಅವರಿಗೆ ಟಿವಿ. ಪೆಟ್ಟಿಗೆ ಮೇಲೆ ನೀನು ಬಣ್ಣದಲ್ಲಿ ಬರೆದ ನಿನ್ನ ಹೆಸರು ಓದಿ, "ಇದ್ಯಾರಮ್ಮಾ?" ಅಂದರು.

"ಅಕ್ಕ."

"ಅಕ್ಕಂದನ್ನ ಎತ್ಕೊಂಡು ಬಂದ್ಯಾ?" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಆವತ್ತಿನಿಂದ ನಿನ್ನ ಹಳೇ ಉಪಾಯ ಶುರು ಮಾಡಿದೆ. ಡೈರಿ ಇಡುತ್ತಿದ್ದ ಡಬ್ಬದ ಮುಚ್ಚಳಕ್ಕೆ ನೀನು ಎಂಜಲು ಹಚ್ಚಿ ಒಂದು ಕೂದಲು ಅಂಟಿಸುತ್ತಿದ್ದೆಯಲ್ಲ, ಯಾರಾದರೂ ತೆರೆದರೆ ಗೊತ್ತಾಗಲಿ ಅಂತ, ಅದೇ. ಬೆಳಿಗ್ಗೆ ಅಂಟಿಸಿ ಹೋದೆ. ಸಂಜೆ ಬಂದಾಗ ಕೂದಲಿಲ್ಲ. ಗಾಳಿ ಇರಬೇಕು ಅಂದುಕೊಂಡೆ. ಮರುದಿನ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಹೋದೆ. ಇಲ್ಲ. ಮೂರನೇ ದಿನವೂ ಇಲ್ಲ. ಬೀಗ ಮಾತ್ರ ಹಾಗೇ ಇದೆ. ಬೀಗ ಮುರಿಯದೆ ತೆಗೆಯುವವಳು ಅಂದರೆ ಸಾಮಾನ್ಯದವಳಲ್ಲ.

ನಿನಗೆ ನನ್ನ ಬುದ್ಧಿ ಗೊತ್ತಲ್ಲ, ಒಂದು ಗ್ರೂಪಿನಲ್ಲಿ ಹೆಸರು ಹಾಕದೆ ಕೇಳಿದೆ: "ರೂಮ್‌ಮೇಟ್ ಪೆಟ್ಟಿಗೆ ತೆಗೀತಾಳೆ, ಏನು ಮಾಡಲಿ?" ಹತ್ತು ನಿಮಿಷಕ್ಕೆ ನಲವತ್ತು ಉತ್ತರ. ಒಬ್ಬ ಮನೆ ಬಿಡು ಅಂದ. ಇನ್ನೊಬ್ಬಳು, "ನೆಲದ ಮೇಲೆ ಹಿಟ್ಟು ಚೆಲ್ಲು, ಹೆಜ್ಜೆ ಗುರುತು ಸಿಗುತ್ತೆ" ಅಂದಳು. ಬೇಕರಿಯವಳ ಕೋಣೆಯಲ್ಲಿ ಹಿಟ್ಟು ಚೆಲ್ಲಿ ಏನನ್ನು ಕಂಡುಹಿಡಿಯುವುದು? ಅವಳು ಮಂಚದಿಂದ ಎದ್ದರೇ ಹಿಟ್ಟು ಉದುರುತ್ತದೆ.

ಬುಧವಾರ ಪೆಟ್ಟಿಗೆ ಮೇಲೆ ಕೂದಲಿನ ಜಾಗದಲ್ಲಿ ತಲೆಗೆ ಹಚ್ಚುವ ಎಣ್ಣೆಯ ಒಂದು ಬಾಟಲಿ ಇತ್ತು. ಹೊಸದು, ಮುಚ್ಚಳ ಒಡೆದಿಲ್ಲ. ‘ನಿನ್ನ ಕೂದಲಿನ ಆಟ ನನಗೆ ಗೊತ್ತು’ ಅಂತ ಅಣಕಿಸುತ್ತಿದ್ದಾಳೆ ಅಂದುಕೊಂಡೆ. ಬಾಟಲಿ ಮುಟ್ಟಲಿಲ್ಲ, ಫೋಟೋ ತೆಗೆದು ಇಟ್ಟುಕೊಂಡೆ. ಸಾಕ್ಷಿ.

ಗುರುವಾರ ಡಿಪಾರ್ಟ್‌ಮೆಂಟಿನಿಂದ ಒಂದೂವರೆಗೇ ಬಂದುಬಿಟ್ಟೆ. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಬಾಗಿಲು ಅರ್ಧ ತೆರೆದಿತ್ತು. ಅವಳು ಪೆಟ್ಟಿಗೆ ಮುಂದೆ ಕೂತು, ಎರಡು ಬೆರಳಲ್ಲಿ ನನ್ನ ಕೂದಲು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಸಿಕ್ಕಿಬಿದ್ದೆ" ಅಂದೆ.

ಅವಳು ತಿರುಗಿ ನೋಡಿದಳು. "ಸಿಕ್ಕಿಬಿದ್ದಿದ್ದು ನಾನಲ್ಲ, ನಿನ್ನ ಕೂದ್ಲು. ಅಲ್ಲ ಕಣೇ, ದಿನಾ ಇದೇ ಜಾಗದಲ್ಲಿ ಹೇಗೆ ಉದುರುತ್ತೆ? ಎಣ್ಣೆ ತಂದಿಟ್ರೆ ಅದನ್ನೂ ಮುಟ್ಟಿಲ್ಲ. ಡಾಕ್ಟರ್‌ಗೆ ತೋರ್ಸು."

"ನೀನ್ಯಾಕೆ ಎತ್ತಬೇಕು?"

"ಎತ್ತದೆ? ಒಂದು ಕೂದ್ಲು ಬಿದ್ರೆ ಮೂವತ್ತು ಕೆಜಿ ಹಿಟ್ಟು ಎಸೀಬೇಕು ನಾವು. ಏಳು ವರ್ಷದಿಂದ ಕೂದ್ಲು ಕಂಡ ಕಡೆ ಕೈ ತಾನೇ ಹೋಗುತ್ತೆ. ಬಸ್ಸಲ್ಲಿ ಮುಂದಿನ ಸೀಟಿನವರ ಭುಜದ ಮೇಲಿಂದನೂ ಎತ್ತಿ ಬೈಸ್ಕೊಂಡಿದೀನಿ."

ಆದರೂ ಪೆಟ್ಟಿಗೆ ತೆರೆದೆಯಾ ಅಂತ ಕೇಳಿದೆ, ಅಕ್ಕ. ನಾಚಿಕೆಯಿಲ್ಲದೆ ಕೇಳಿದೆ. ಅವಳು, "ಮುಚ್ಚಳ ಮುಟ್ಟಿದೀನಿ, ಅಷ್ಟೆ. ಒಳಗೆ ಏನಿಟ್ಟಿದ್ಯೋ ಮಾರಾಯ್ತಿ, ನಿಂಗೇ ನಿದ್ದೆ ಬರ್ತಿಲ್ಲ" ಅಂದು ಕೂದಲನ್ನು ಕಾಗದದಲ್ಲಿ ಸುತ್ತಿ ಎಸೆದಳು. ಆಮೇಲೆ ಬೇಕರಿಯಿಂದ ತಂದಿದ್ದ ಬನ್ನಿನಲ್ಲಿ ಅರ್ಧ ಮುರಿದು ಕೊಟ್ಟಳು.

ಕೆಳಗೆ ಬಂದರೆ ಓನರ್ ಆಂಟಿಗೆ ಆಗಲೇ ಎಲ್ಲ ಗೊತ್ತು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋದು ಯಾರು ಹೇಳು?" ಅಂದರು. ತಮಾಷೆಗೇ ಅಂದಿದ್ದು. ಅವತ್ತಿನಿಂದ ನಾನು ಕೂದಲು ಅಂಟಿಸಿಲ್ಲ.

ಅಮ್ಮನಿಗೆ ನಾನು ಚೆನ್ನಾಗಿದ್ದೇನೆ ಅಂತ ಹೇಳು. ಅಪ್ಪನಿಗೆ ನಮಸ್ಕಾರ. ನಿನಗೆ ಬೇಕಾದ್ದೆಲ್ಲ ಸಿಗಲಿ ಅಂತ ಚಿಕ್ಕವಳಾಗಿ ನಾನು ಹಾರೈಸಬಾರದು ಅಂತೇನೂ ಇಲ್ಲವಲ್ಲ, ಹಾರೈಸುತ್ತಿದ್ದೇನೆ.

ಎಲ್ಲಿ ಹೋದರೂ ನಿನ್ನ ಹಿಂದೆ ಬರುತ್ತಿದ್ದ,
ನಿನ್ನ ಬಾಲ

ಮರೆತ ಮಾತು: ಮರೆತಿದ್ದಲ್ಲ, ಇಷ್ಟು ಹೊತ್ತು ಮುಂದೂಡಿದ್ದು. ಮಂಗಳವಾರ ನೀನು ಎರಡು ಮೆಸೇಜ್ ಕಳಿಸಿದ್ದೆ. "ಈ ವರ್ಷ ನಾನೂ ಅಲ್ಲಿಗೇ ಅರ್ಜಿ ಹಾಕ್ತೀನಿ, ಹಳೇ ಪ್ರಬಂಧನೇ ಕಳಿಸ್ತೀನಿ." ಆಮೇಲೆ, "ನನ್ನ ನೊರೆ ಪುಸ್ತಕ ಸಿಗ್ತಿಲ್ಲ, ನೀನು ನೋಡಿದ್ಯಾ?" ಎರಡಕ್ಕೂ ನಾನು ಬರೀ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ.

ನಿನ್ನ ನೊರೆ ಪುಸ್ತಕ ಈ ಪೆಟ್ಟಿಗೆಯಲ್ಲಿದೆ. ಅಪ್ಪನ ಲಾಂಡ್ರಿಗೆ ನಾಲ್ಕು ಬೀದಿಯ ನೀರು ತಂದು, ಬಾಟಲಿಗೆ ಸೋಪು ಹಾಕಿ ಕುಲುಕಿ, ಬೆಂಕಿಕಡ್ಡಿಯಲ್ಲಿ ನೊರೆ ಅಳೆದು ನೀನು ಬರೆದಿಟ್ಟ ಎರಡು ವರ್ಷದ ಲೆಕ್ಕ. ನಾನು ಬಾಟಲಿ ಹಿಡಿದುಕೊಂಡು ನಿಂತಿದ್ದೆ, ಅಷ್ಟೇ. ಅಪ್ಪನ ಕೈ ಹಬೆಗೆ ಸುಟ್ಟ ವರ್ಷ ನೀನು ಅಂಗಡಿ ಬಿಡಲಾಗದೆ, ಆ ಲೆಕ್ಕದಿಂದ ಅರ್ಜಿಗೆ ಅಂತ ಬರೆದ ಪ್ರಬಂಧವನ್ನು ಡಬ್ಬದಲ್ಲೇ ಇಟ್ಟೆ. ಹೋದ ವರ್ಷ ನಾನು ಅದನ್ನು ತೆಗೆದು, ‘ಅಕ್ಕ’ ಇರಬೇಕಾದ ಕಡೆಯೆಲ್ಲ ‘ನಾನು’ ಹಾಗೇ ಬಿಟ್ಟು ನನ್ನ ಹೆಸರಲ್ಲಿ ಕಳಿಸಿದೆ. ಸೀಟು ಸಿಕ್ಕಿದ್ದು ಅದಕ್ಕೇ. ಡಿಪಾರ್ಟ್‌ಮೆಂಟಿನ ಮೇಡಂ ನನ್ನನ್ನು ಕರೆಯುವುದೇ ‘ಬೆಂಕಿಕಡ್ಡಿ ಹುಡುಗಿ’ ಅಂತ. ಬರುವಾಗ ಪುಸ್ತಕ ತಂದು ತೋರಿಸು ಅಂದಿದ್ದಕ್ಕೇ ಕದ್ದು ತಂದೆ. ಈಗ ನೀನು ಅದೇ ಪ್ರಬಂಧ ಕಳಿಸಿದರೆ ಕಳ್ಳಿ ಅನ್ನಿಸಿಕೊಳ್ಳುವವಳು ನೀನು.

ಪ್ರಬಂಧ ತೆಗೆದ ದಿನ ಡಬ್ಬ ಮುಚ್ಚುವಾಗ ನಿನ್ನ ಕೂದಲು ಬಿದ್ದುಹೋಗಿ, ನನ್ನದೊಂದು ಅಂಟಿಸಿದ್ದೆ. ನಿನ್ನದು ಉದ್ದ, ನನ್ನದು ಗಿಡ್ಡ. ನಿನಗೆ ಗೊತ್ತಾಗಿರಬೇಕು, ಇವತ್ತು ಕೇಳುತ್ತೀಯ, ನಾಳೆ ಕೇಳುತ್ತೀಯ ಅಂತ ಕಾದೆ. ನೀನು ಕೇಳಲೇ ಇಲ್ಲ.

ಬರುವ ಬುಧವಾರ ಹನ್ನೊಂದಕ್ಕೆ ಮೇಡಂ ಬರಹೇಳಿದ್ದಾರೆ. ಪುಸ್ತಕ ತೆಗೆದುಕೊಂಡು ಹೋಗಿ ಎಲ್ಲ ಹೇಳುತ್ತೇನೆ. ಒಂದನೇ ತಾರೀಖು ನಾನು ಇಲ್ಲಿರುತ್ತೇನೋ ಇಲ್ಲವೋ ಗೊತ್ತಿಲ್ಲ. ಮೊದಲ ಪುಟದಲ್ಲಿದ್ದ ನಿನ್ನ ಹೆಸರಿನ ಮೇಲೆ ಕಾಗದ ಅಂಟಿಸಿದ್ದೆ. ಇವತ್ತು ಬೆಳಿಗ್ಗೆ ಇಲ್ಲಿನ ಗಡಸು ನೀರಲ್ಲೇ ನೆನೆಸಿ ಬಿಡಿಸಿದೆ. ಶಾಯಿ ಸ್ವಲ್ಪ ಹರಡಿದೆ, ಓದುವುದಕ್ಕೆ ಬರುತ್ತದೆ.

ಲಕೋಟೆಯ ಬಾಯಿಗೆ ಒಂದು ಕೂದಲು ಅಂಟಿಸಿದ್ದೇನೆ. ಗಿಡ್ಡದು. ಅದು ಹಾಗೇ ಇದ್ದರೆ ನಿನಗಿಂತ ಮೊದಲು ಯಾರೂ ಓದಿಲ್ಲ ಅಂತ ತಿಳಿ. ಅಮ್ಮನಿಗೆ, ಅಪ್ಪನಿಗೆ ನಾನೇ ಹೇಳುತ್ತೇನೆ. ಈ ಸಲವಾದರೂ ನೀನು ಕೇಳು.