ಮುಚ್ಚಿದ ಬಾವಿಯ ಹತ್ತಿರ ನಿನ್ನ ದನಿ

ದೊಡ್ಡಮ್ಮಾ,

ನಾನು ಅವತ್ತು ನಿನ್ನ ಮುಂದೆ ಮೊಬೈಲ್ ಹಿಡಿದು, "ಮಾರೇನಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದ ಕಥೆ ಹೇಳು. ಯಾವ ಜಾಗದ ಕಥೆಯೋ ಆ ಜಾಗಕ್ಕೆ ಹೋಗಿ ನಿಂತರೆ ಮಾತ್ರ ಫೋನಿನಲ್ಲಿ ಕೇಳೋ ಹಾಗೆ ಮಾಡ್ತೀನಿ" ಅಂದಾಗ ನೀನು ನಕ್ಕುಬಿಟ್ಟೆ. "ಕೂತಲ್ಲೇ ಕೇಳೋದು ಬಿಟ್ಟು ಬಿಸಿಲಲ್ಲಿ ಯಾರೇ ನಿಲ್ತಾರೆ, ಗೀತಾ?" ಆದರೂ ಕಾಫಿ ಆರಿಹೋಗುವವರೆಗೂ ಹೇಳುತ್ತಲೇ ಇದ್ದೆ. ರಾಗಿ ಕಣ, ಹುಣಸೆ ಮರ, ಊರಿಗೆ ಬಂದ ಮೊದಲ ಬಸ್ಸು...

ಕಥೆ ಬಾವಿಯ ಹತ್ತಿರ ಬಂದಾಗ ನೀನು ಕಾಫಿ ಲೋಟ ಪಕ್ಕಕ್ಕೆ ಸರಿಸಿದೆ. ನೆನಪಿದೆಯಾ? ಬಾವಿಕಟ್ಟೆಯ ಕಲ್ಲುಸಂದಿಯಲ್ಲಿ ನಮ್ಮಮ್ಮ, ನಿನ್ನ ತಂಗಿ, ಬಚ್ಚಿಟ್ಟಿದ್ದ ಯಾರೋ ಹುಡುಗನ ಕಾಗದ ನಿನ್ನ ಕೈಗೆ ಸಿಕ್ಕಿತ್ತು. ನೀನು ಅದನ್ನ ತಾತನಿಗೆ ಕೊಟ್ಟೆ. ತಿಂಗಳೊಳಗೆ ಅಮ್ಮನಿಗೆ ನಮ್ಮಪ್ಪನ ಜೊತೆ ಮದುವೆ. "ಹೊಟ್ಟೆಕಿಚ್ಚು ಕಣೇ. ನನಗೆ ಯಾರೂ ಬರೆದಿರ್ಲಿಲ್ಲ" ಅಂದೆ ನೀನು. ನನಗೆ ಸಿಟ್ಟು ಬರಬೇಕಿತ್ತು. ಆದರೆ ನೀನು ಹಾಗೆ ಮಾಡದೇ ಇದ್ದಿದ್ದರೆ ನಾನು...

"ಇದನ್ನ ಹಾಕಲಾ, ಬೇಡವಾ?" ಅಂತ ನಾನು ಕೇಳಿದ್ದಕ್ಕೆ ನೀನು ಕಿಟಕಿಯಾಚೆ ನೋಡಿದೆ. ಅಮ್ಮ ಇರೋದು ಬಸವೇಶ್ವರನಗರ, ಸ್ಕೂಟರಿನಲ್ಲಿ ಒಂದು ಗಳಿಗೆಯ ದಾರಿ. ನೀವಿಬ್ಬರೂ ಮಾತು ಬಿಟ್ಟು ಎಷ್ಟು ವರ್ಷವಾಗಿತ್ತು! "ಹಾಕು. ಬಾವಿ ಹತ್ರಾನೇ ಇರಲಿ. ಬಂದ್ರೆ ಬರ್ತಾಳೆ" ಅಂದೆ.

ನೀನು ಹೋದ ದಿನವೂ ಅಮ್ಮ ಬರಲಿಲ್ಲ. ಮನೆಯಲ್ಲೇ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಸಂಜೆವರೆಗೂ ಕೂತಿದ್ದಳು. ಬಾವಿಯ ಹತ್ತಿರ ನಿನ್ನ ದನಿ ಇದೆ ಅಂತ ನಾನು ಅವಳಿಗೆ ಅವತ್ತೇ ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ...

ಕಳೆದ ಭಾನುವಾರ ತಾನಾಗೇ, "ಕರ್ಕೊಂಡು ಹೋಗು" ಅಂದಳು. ಬಾವಿ ಈಗೆಲ್ಲಿದೆ? ಮುಚ್ಚಿದ ಜಾಗದಲ್ಲಿ ಮೆಡಿಕಲ್ ಶಾಪ್ ಬಂದಿದೆ. ಅಮ್ಮ ಅದರ ಮೆಟ್ಟಿಲ ಮೇಲೆ ನಿಂತು ಫೋನನ್ನ ಕಿವಿಗೊತ್ತಿಕೊಂಡಳು. ಅಂಗಡಿಯವರು "ಏನ್ ಬೇಕು ಆಂಟಿ?" ಅಂದರೆ ಕೈಸನ್ನೆಯಲ್ಲೇ ಸುಮ್ಮನಿರಿಸಿದಳು. ಎರಡು ಸಲ ಕೇಳಿದಳು. "ಇವಳೇ ಅಂತ ನನಗೆ ಅವತ್ತೇ ಗೊತ್ತಿತ್ತು ಕಣೇ. ಒಂದ್ಸಲ ಬಾಯಿಬಿಟ್ಟು ಹೇಳ್ಲಿ ಅಂತ ಕಾಯ್ತಿದ್ದೆ" ಅಂದಳು. ಕಣ್ಣೊರೆಸಿಕೊಂಡು ಫೋನನ್ನ ನನ್ನ ಕಡೆ ಚಾಚಿದಳು. "ನಂದೂ ರೆಕಾರ್ಡ್ ಮಾಡ್ಕೊ."

ಈಗ ಅಲ್ಲಿ ನಿಂತವರಿಗೆ ನಿನ್ನ ಮಾತು ಮುಗಿದ ಮೇಲೆ ಇನ್ನೊಂದು ದನಿ ಕೇಳಿಸುತ್ತೆ, ದೊಡ್ಡಮ್ಮಾ. ಅದು ಶುರುವಾಗೋದೇ "ಅಕ್ಕಾ" ಅಂತ.