ಎದೆಯ ಮೇಲೆ ನಿಂತುಹೋದ ಕೈ

ನಮ್ಮ ಮನೆಗೆ ಇಂಟರ್ನೆಟ್ ಕೊಡುವ ಕಂಪನಿಯ ಮೇಲ್ಮನವಿ ಅಧಿಕಾರಿಗಳೇ,

ನನ್ನ ತಮ್ಮ ಸುಮೇಧ ಆಸ್ಪತ್ರೆಯ ಹಾಸಿಗೆಯಿಂದ ಕೊನೆಯದಾಗಿ ಏನು ಹೇಳಿದನೆಂಬುದು ನನಗೆ ಗೊತ್ತಿಲ್ಲ. ಅವನು ಹೇಳಿದ್ದು ನಿಜ. ನಾನು ಫೋನಿನ ಮುಂದೆ ಕೂತಿದ್ದೂ ನಿಜ. ನಡುವೆ ನಿಮ್ಮ ಕಂಪನಿ ಇತ್ತು. ಆ ಹೊತ್ತಿನಲ್ಲಿ ನಮ್ಮ ಸಂಪರ್ಕಕ್ಕೆ ನೀವು ಏನು ಮಾಡಿದಿರಿ ಎಂದು ನಾನು ಕೇಳಿದ್ದಕ್ಕೆ, ಸೇವಾ ನಿಯಮಗಳ ಅನುಸಾರವೇ ಕ್ರಮ ಕೈಗೊಳ್ಳಲಾಗಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ ಎಂದು ತಾವು ಆದೇಶ ಕಳಿಸಿದ್ದೀರಿ. ಯಾವ ನಿಯಮ? ಯಾವ ಕ್ರಮ? ಆದೇಶ ಎಷ್ಟೇ ಚಿಕ್ಕದಿರಲಿ, 'ಕ್ರಮ' ಎಂಬುದೊಂದು ನಡೆದಿದೆ ಎಂದಾದರೂ ಅದು ಒಪ್ಪಿಕೊಂಡಿದೆ. ಆ ಪ್ರಾಮಾಣಿಕತೆಗೆ ಮೊದಲು ವಂದನೆ ಸಲ್ಲಿಸಿ, ಮುಂದಿನದನ್ನು ಊರೆಲ್ಲ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಸುಮೇಧ ಹುಟ್ಟು ಕಿವುಡ. ಬನಶಂಕರಿಯ ಒಂದು ಬೇಕರಿಯಲ್ಲಿ ಕೇಕುಗಳ ಮೇಲೆ ಕ್ರೀಮಿನ ಗುಲಾಬಿ ಬಿಡಿಸುವುದು ಅವನ ಕೆಲಸ. ಮಕ್ಕಳ ಹೆಸರನ್ನು ಯಾರಾದರೂ ಚೀಟಿಯಲ್ಲಿ ಬರೆದುಕೊಟ್ಟರೆ ಅದನ್ನು ಚಿತ್ರದ ಹಾಗೆ ನೋಡಿ ಮೂಡಿಸುತ್ತಿದ್ದ, ಓದಲು ಬರುತ್ತಿರಲಿಲ್ಲ. ಕಿವಿ ಕೇಳದ ಹುಡುಗನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಮರೆತುಬಿಡುವ ಶಾಲೆಗೆ ಅವನು ಹೋಗಿದ್ದು. ಹಾಗಾಗಿ ಅಮ್ಮ, ನಾನು, ಅವನು ಸೇರಿ ಶ್ರೀನಗರದ ನಮ್ಮ ಮನೆಯಲ್ಲಿ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದೆವು. ನನ್ನ ಹೆಸರಿಗೆ ಜಡೆಯ ಸನ್ನೆ, ಅಮ್ಮನಿಗೆ ಮೂಗುಬೊಟ್ಟು, ಬೇಕರಿ ಮಾಲೀಕರಿಗೆ ಹೊಟ್ಟೆ. ನಮ್ಮ ಮೂವರನ್ನು ಬಿಟ್ಟರೆ ಈ ಭಾಷೆ ಲೋಕದಲ್ಲಿ ಇನ್ನಾರಿಗೂ ಬಾರದು. ಈಗ ಇಬ್ಬರಿಗಷ್ಟೇ ಬರುತ್ತದೆ.

ಕಳೆದ ಅವರೆಕಾಯಿ ಕಾಲದಲ್ಲಿ ಅವನ ಶ್ವಾಸಕೋಶಕ್ಕೆ ಸೋಂಕು ತಗುಲಿತು. ಸೋಂಕು ಹರಡಬಹುದೆಂದು ಆಸ್ಪತ್ರೆಯವರು ಬೇರೆ ಕೋಣೆಯಲ್ಲಿ ಮಲಗಿಸಿ, ನಮ್ಮನ್ನು ಒಳಗೆ ಬಿಡಲಿಲ್ಲ. ಅವನ ಮಾತು ನಿಮಗೆ ತಿಳಿಯುವುದಿಲ್ಲ, ನನ್ನೊಬ್ಬಳನ್ನಾದರೂ ಬಿಡಿ ಎಂದು ಡಾಕ್ಟರನ್ನು ಬೇಡಿಕೊಂಡೆ. ಅವರು ಒಳ್ಳೆಯವರು, ಆದರೆ ನಿಯಮ. ಕೊನೆಗೆ ಫೋನ್ ಇಟ್ಟುಕೊಳ್ಳಲು ಒಪ್ಪಿದರು. ನರ್ಸ್ ಒಬ್ಬರು ಅದನ್ನು ಊಟದ ಟ್ರೇ ಮೇಲೆ ನೀರಿನ ಬಾಟಲಿಗೆ ಒರಗಿಸಿ ಇಡುತ್ತಿದ್ದರು. ಅವನಿಗೆ ಒಂಟಿ ಎನಿಸಬಾರದೆಂದು ನಾವು ದಿನವಿಡೀ ವಿಡಿಯೋ ಕಾಲ್ ಕಟ್ ಮಾಡುತ್ತಲೇ ಇರಲಿಲ್ಲ. ಅಮ್ಮ ಅವರೆಕಾಯಿ ಸುಲಿಯುತ್ತ ಕೂತರೆ ಅವನು ಅದನ್ನು ನೋಡುತ್ತ ನಿದ್ದೆ ಹೋಗುತ್ತಿದ್ದ. ಎಚ್ಚರವಾದಾಗ ನರ್ಸಿನ ನಡಿಗೆಯನ್ನು ಎರಡು ಬೆರಳಲ್ಲಿ ಅಣಕಿಸಿ ತೋರಿಸಿ ಅಮ್ಮನನ್ನು ನಗಿಸುತ್ತಿದ್ದ. ನೋವಾದರೆ ನನಗೆ ಹೇಳುತ್ತಿದ್ದ, ನಾನು ಆಸ್ಪತ್ರೆಗೆ ಫೋನ್ ಮಾಡಿ ನರ್ಸಿಗೆ ಹೇಳುತ್ತಿದ್ದೆ. ನಮ್ಮ ವೈಫೈ ಅಷ್ಟು ದಿನ ಅವನ ಬಾಯಿಯಾಗಿತ್ತು.

ನಿಮ್ಮ ಲೆಕ್ಕದಲ್ಲಿ ಇದಕ್ಕೆ ಅತಿಬಳಕೆ ಎಂಬ ಹೆಸರಿದೆಯೆಂದು ಆಮೇಲೆ ತಿಳಿಯಿತು.

ಅಂದು ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿದ್ದಳು. ಸುಮೇಧ ಕಣ್ಣು ಬಿಟ್ಟು ನನ್ನನ್ನು ನೋಡಿದ. ನಾನು ಹೇಳು ಎಂಬಂತೆ ತಲೆಯಾಡಿಸಿದೆ. ಅವನು ಬಲಗೈ ಎತ್ತಿ ಎದೆಯ ಮೇಲೆ ಇಟ್ಟುಕೊಂಡ. ಚಿತ್ರ ಅಲ್ಲೇ ನಿಂತಿತು.

ನಮ್ಮ ಭಾಷೆಯಲ್ಲಿ ಎದೆಯ ಮೇಲಿನ ಕೈಯನ್ನು ಮುಷ್ಟಿ ಮಾಡಿ ಒತ್ತಿದರೆ, ತುಂಬಾ ನೋವು. ಅದೇ ಕೈಯನ್ನು ಹೊರಗೆ ಕೊಡವಿದರೆ, ಭಯ ಇಲ್ಲ. ಎರಡಕ್ಕೂ ಆರಂಭ ಒಂದೇ.

ಚಿತ್ರ ನಿಂತರೂ ಶಬ್ದ ನಿಲ್ಲಲಿಲ್ಲ. ಇದನ್ನು ತಾವು ದಯವಿಟ್ಟು ಗಮನಿಸಬೇಕು. ನಮ್ಮ ಸಂಪರ್ಕದಲ್ಲಿ ಶಬ್ದ ಸರಾಗವಾಗಿ ಹರಿದು ಬರುತ್ತಿತ್ತು. ಹೊದಿಕೆ ಸರಿದ ಸದ್ದು, ಡ್ರಿಪ್ ಹಾಕಿದ ಸ್ಟ್ಯಾಂಡು ಕಿಣಿಗುಟ್ಟಿದ್ದು, ಅವನ ಏದುಸಿರು, ಎಲ್ಲವೂ ಕೇಳಿಸಿತು. ಅವನ ಕೈ ಆಡುತ್ತಲೇ ಇತ್ತು. ಮಾತಾಡುವ ಕೈಯ ಸದ್ದನ್ನು ನಾನು ಚಿಕ್ಕಂದಿನಿಂದ ಬಲ್ಲೆ, ತೋಳಿನ ಬಟ್ಟೆ ಹೇಗೆ ಉಜ್ಜುತ್ತದೆಂದು ಬಲ್ಲೆ. ಕಿವುಡನ ಮಾತನ್ನು ಕಿವಿಯಲ್ಲಿ ಕೇಳುತ್ತ, ಕಣ್ಣಿಗೆ ಕಾಣದೆ ಕೂತಿದ್ದೆ. ಕಾಲ್ ಕಟ್ ಮಾಡಿ ಮತ್ತೆ ಮಾಡಲು ಬೆರಳು ಏಳಲಿಲ್ಲ. ಕಟ್ ಮಾಡಿದರೆ ಆ ಸದ್ದೂ ಹೋಗಿಬಿಟ್ಟೀತೆಂಬ ಭಯ. ಆಮೇಲೆ ಎಲ್ಲ ಸುಮ್ಮನಾಯಿತು.

ಆಟೋ ಹಿಡಿದು ಆಸ್ಪತ್ರೆ ತಲುಪುವಷ್ಟರಲ್ಲಿ ಅವನನ್ನು ವೆಂಟಿಲೇಟರಿಗೆ ಹಾಕಿದ್ದರು. ಆ ನರ್ಸ್ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು.

"ತುಂಬಾ ಹೊತ್ತು ನಿಮ್ಮತ್ರ ಮಾತಾಡ್ತಾ ಇದ್ರು ಅಕ್ಕ," ಎಂದರು. "ಫೋನಲ್ಲಿ ನೀವು ತಲೆ ಆಡಿಸ್ದಂಗಿತ್ತು. ಅವ್ರೂ ಹೂಂ ಅನ್ನೋ ಥರ ತಲೆ ಆಡ್ಸಿ ಕಣ್ ಮುಚ್ಕೊಂಡ್ರು. ಏನಂದ್ರು?"

ಅವನು ಮತ್ತೆ ಕಣ್ಣು ಬಿಡಲಿಲ್ಲ. ಆ ವಾರ ಕಳೆಯುವುದರೊಳಗೆ ಬುದ್ಧವಂದನೆ ಹೇಳಿ ಮಣ್ಣು ಮಾಡಿದೆವು. ಅವನ ಪರದೆಯಲ್ಲಿ ನಾನು ತಲೆ ಬಾಗಿಸಿದ ಹಾಗೆಯೇ ನಿಂತುಬಿಟ್ಟಿದ್ದೆನೇನೋ. ಯಾವುದಕ್ಕೋ ನಾನು ಒಪ್ಪಿಗೆ ಕೊಟ್ಟಿದ್ದೇನೆ. ಯಾವುದಕ್ಕೆಂದು ತಿಳಿಯದು.

ಒಪ್ಪಿಗೆಯ ವಿಷಯ ನಿಮ್ಮವರೂ ಎತ್ತಿದರು. ಕಸ್ಟಮರ್ ಕೇರಿನ ಹುಡುಗಿ ಸೌಮ್ಯವಾಗಿಯೇ ವಿವರಿಸಿದಳು: "ಲಿಮಿಟ್ ಮುಗಿದಿತ್ತು ಮೇಡಂ. ವಾಯ್ಸ್‌ಗೇನೂ ತೊಂದ್ರೆ ಆಗಿಲ್ಲ, ವಿಡಿಯೋ ಮಾತ್ರ ಸ್ಲೋ ಆಗಿರತ್ತೆ."

"ಅನ್‌ಲಿಮಿಟೆಡ್ ಅಂತ ತಾನೇ ಕೊಟ್ಟಿದ್ದು?"

"ಅನ್‌ಲಿಮಿಟೆಡ್ಡೇ ಮೇಡಂ. ಅದಕ್ಕೊಂದು ಲಿಮಿಟ್ ಇರತ್ತೆ. ಟರ್ಮ್ಸ್‌ಗೆ ನೀವು ಓಕೆ ಕೊಟ್ಟಿದೀರಲ್ಲ."

ಮರುದಿನ ಕೇಳಿದಾಗ ಇನ್ನೊಬ್ಬರು, ಲಿಮಿಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ಜನ ಹೆಚ್ಚು ಬಳಸುವ ಹೊತ್ತಿನಲ್ಲಿ ನೆಟ್‌ವರ್ಕ್ ನಿರ್ವಹಣೆಗಾಗಿ ಹಾಗೆ ಮಾಡುತ್ತಾರೆ ಎಂದರು. ಮತ್ತೊಬ್ಬರ ಪ್ರಕಾರ ಹೊಸಕೆರೆಹಳ್ಳಿ ಕಡೆ ಯಾರೋ ರಸ್ತೆ ಅಗೆದು ಕೇಬಲ್ ಕಡಿದಿದ್ದರು. ಒಂದು ಚಿತ್ರ ನಿಂತುಹೋಗಿದ್ದಕ್ಕೆ ಎಷ್ಟು ಕಾರಣಗಳು! ತಮ್ಮ ಆದೇಶ ಇವುಗಳಲ್ಲಿ ಯಾವುದನ್ನೂ ಎತ್ತಿಹಿಡಿದಿಲ್ಲ, ಯಾವುದನ್ನೂ ತಳ್ಳಿಹಾಕಿಲ್ಲ. ನಿಮ್ಮ ಜಾಲವನ್ನು ನೀವು ನಿರ್ವಹಿಸಬಾರದು ಎಂದು ನಾನು ಹೇಳುತ್ತಿಲ್ಲ. ಎಲ್ಲರಿಗೂ ಹಂಚಬೇಕಾದ ನಲ್ಲಿಗೆ ತಿರುಪು ಇರಲೇಬೇಕು. ತಿರುಗಿಸುವವರು ಕೂಗಿ ಹೇಳಬೇಡವೇ? ನೀರು ಬಿಡುವವರೂ ನಮ್ಮ ಬೀದಿಯಲ್ಲಿ ನಾಳೆ ನೀರಿಲ್ಲ ಎಂದು ಹೇಳಿ ಹೋಗುತ್ತಾರೆ.

ನಾನು ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕ್ರಯಪತ್ರ ಟೈಪ್ ಮಾಡಿ ಬದುಕುವವಳು. ಷರತ್ತು ಓದುವುದು ನನಗೆ ಹೊಸದಲ್ಲ. ಒಂದು ಪುಟ್ಟ ಸೈಟಿಗೂ ಚಕ್ಕುಬಂದಿ ಬರೆಯುತ್ತೇವೆ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇದು, ದಕ್ಷಿಣಕ್ಕೆ ಅದು. ಎಲ್ಲೆ ಹೇಳದೆ ಮಾರಿದರೆ ಅದು ಮಾರಾಟವೇ ಅಲ್ಲ. ತಾವು ಮಾರಿದ 'ಅಪರಿಮಿತ'ಕ್ಕೆ ಚಕ್ಕುಬಂದಿ ಎಲ್ಲಿದೆ? ಹುಡುಕಿದೆ. ಕರೆಂಟ್ ಕಂಬಕ್ಕೆ ಕಟ್ಟಿದ ನಿಮ್ಮ ಬೋರ್ಡಿನಲ್ಲಿ ಇಲ್ಲ. ಸಂಪರ್ಕ ಕೊಟ್ಟ ದಿನ ನಿಮ್ಮವರು ಹೇಳಲಿಲ್ಲ. ನಿಮ್ಮ ವೆಬ್‌ಸೈಟಿನ ಪಾತಾಳದಲ್ಲಿ, ಇಂಗ್ಲಿಷಿನಲ್ಲಿ, 'ಅಗತ್ಯವೆನಿಸಿದಾಗ ಕೆಲವು ಬಗೆಯ ಬಳಕೆಯ ವೇಗವನ್ನು ಬದಲಿಸುವ ಹಕ್ಕನ್ನು ಕಂಪನಿ ಕಾಯ್ದಿರಿಸಿಕೊಂಡಿದೆ' ಎಂಬ ಅರ್ಥದ ಸಾಲು ಸಿಕ್ಕಿತು. ಯಾರಿಗೆ ಅಗತ್ಯ? ಯಾವ ಬಗೆ? ಎಷ್ಟು ವೇಗ? ಇಂಥ ಪತ್ರ ಟೈಪ್ ಮಾಡಿಕೊಟ್ಟರೆ ಯಾವ ರಿಜಿಸ್ಟ್ರಾರೂ ಮೊಹರು ಹಾಕುವುದಿಲ್ಲ ಸ್ವಾಮಿ.

ಆ ಕೈ ಈಗ ಎಲ್ಲೆಂದರಲ್ಲಿ ಕಾಣುತ್ತದೆ. ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಚಿಲ್ಲರೆಗೆಂದು ಅಂಗಿಯ ಜೇಬಿಗೆ ಕೈ ಹಾಕಿದರೆ ನಾನು ಬಸ್ ಬಿಟ್ಟು ನಿಲ್ಲುತ್ತೇನೆ, ಮುಂದೆ ಅದು ಏನು ಮಾಡುತ್ತದೆಂದು ನೋಡಲು. ಟೈಪ್ ಮಾಡುವಾಗ ಬೆನ್ನ ಹಿಂದೆ ತೋಳಿನ ಬಟ್ಟೆ ಉಜ್ಜಿದ ಸದ್ದಾಗುತ್ತದೆ. ತಿರುಗಿದರೆ ಯಾರೂ ಇರುವುದಿಲ್ಲ. ಕರೆಯಲು ಅವನಿಗೆ ದನಿ ಇರಲಿಲ್ಲ, ಹಾಗಾಗಿ ಸುಮ್ಮನಿರುವ ಜಾಗವೆಲ್ಲ ಅವನೇ ಕರೆದಂತೆ ಆಗುತ್ತದೆ.

ಅಮ್ಮ ಬಹಳ ದಿನ ಏನೂ ಕೇಳಲಿಲ್ಲ. ಮೊನ್ನೆ ಹೊಸ್ತಿಲ ಬಳಿ ಕೂತಿದ್ದವಳು ನನ್ನನ್ನು ಕರೆದಳು.

"ಬಾಯಲ್ಲಿ ಹೇಳ್ಬೇಡ ಕಲ್ಯಾಣಿ," ಎಂದಳು. "ಅವ್ನು ಹೆಂಗ್ ಅಂದ್ನೋ ಹಂಗೇ ಮಾಡಿ ತೋರ್ಸು."

ನಾನು ಅವಳ ಮುಂದೆ ಕೂತು ಬಲಗೈಯನ್ನು ಎದೆಯ ಮೇಲಿಟ್ಟೆ. ಅಲ್ಲಿಂದ ಮುಂದೆ ಕೈ ಹೋಗಲಿಲ್ಲ. ಅಮ್ಮ ಕಾದಳು. ಕಾದು ಕಾದು, ತಾನೇ ನನ್ನ ಕೈಯನ್ನು ಕೆಳಗಿಳಿಸಿ, ಒಳಗೆ ಹೋದಳು. ಆ ಸಂಜೆಯೇ ಈ ಪತ್ರ ಬರೆಯಲು ಕೂತೆ.

ಅಧಿಕಾರಿಗಳೇ, ನನಗೆ ಪರಿಹಾರ ಬೇಡ, ಕ್ಷಮಾಪಣೆಯೂ ಬೇಡ. ಆ ಮಧ್ಯಾಹ್ನ ನಮ್ಮ ವಿಡಿಯೋವನ್ನು ನಿಧಾನ ಮಾಡಿದ್ದು ನಿಮ್ಮ ನಿಯಮವೋ, ಕಡಿದ ಕೇಬಲ್ಲೋ ಎಂದು ಬರೆದು ತಿಳಿಸಿ. ಕೇಬಲ್ ಆಗಿದ್ದರೆ ಅದು ನಮ್ಮ ಗ್ರಹಚಾರ ಎಂದುಕೊಳ್ಳುತ್ತೇನೆ. ನಿಯಮವಾಗಿದ್ದರೆ ಅದರ ಪೂರ್ಣಪಾಠ ಕೊಡಿ. ಇನ್ನು ಮುಂದೆ ಸಂಪರ್ಕ ಮಾರುವ ಮೊದಲೇ, ಯಾವುದನ್ನು ಯಾವಾಗ ಎಷ್ಟು ನಿಧಾನ ಮಾಡುತ್ತೀರೆಂದು ಕನ್ನಡದಲ್ಲಿ, ಬೋರ್ಡಿನ 'ಅನ್‌ಲಿಮಿಟೆಡ್' ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ. ಮಿತಿ ಹತ್ತಿರ ಬಂದಾಗ ಒಂದು ಸಂದೇಶ ಕಳಿಸಿ. ಹಬ್ಬದ ಆಫರುಗಳಿಗೆ ಕಳಿಸುವುದು ನಿಮಗೆ ಕಷ್ಟವಾಗಿಲ್ಲವಲ್ಲ. ಕೈಯಲ್ಲಿ ಮಾತಾಡುವವರು ಈ ಊರಿನಲ್ಲಿ ನಮ್ಮ ಸುಮೇಧನೊಬ್ಬನೇ ಅಲ್ಲ. ಅವರಿಗೆ ವಿಡಿಯೋ ಮನರಂಜನೆಯಲ್ಲ, ನಾಲಿಗೆ.

ನನ್ನ ತಮ್ಮ ಏನು ಹೇಳಿದನೆಂದು ನಾನು ನಿಮ್ಮನ್ನು ಕೇಳುತ್ತಿಲ್ಲ. ಅದು ನಿಮ್ಮ ಬಳಿ ಇಲ್ಲ. ನಿಮ್ಮ ಬಳಿ ಇರುವುದನ್ನಷ್ಟೇ ಕೇಳುತ್ತಿದ್ದೇನೆ.

ಇಂತಿ,
ನಮ್ಮ ಬೀದಿಗೆ ಬೇರೆ ಯಾರ ಕೇಬಲ್ಲೂ ಬಾರದ ಕಾರಣ
ಇನ್ನೂ ನಿಮ್ಮ ಗ್ರಾಹಕಿಯೇ ಆಗಿರುವ
ಕಲ್ಯಾಣಿ, ಶ್ರೀನಗರ